ಕುಂಕುಮವೋ, ಎಣ್ಣೆಯೋ

ಮರ್ಯಾದೆ ಹೋಗುವ ಪ್ರಸಂಗಗಳು ಕೆಲವರಿಗೆ ವರ್ಷಕ್ಕೊಂದು ಬರುತ್ತವಂತೆ. ನನಗೆ ಅವು ಹಾಲಿನವನ ಹಾಗೆ, ಬೆಳಿಗ್ಗೆ ತಪ್ಪಿದರೆ ಸಂಜೆ ಬಂದೇ ಬರುತ್ತವೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು. ನಮ್ಮ ಮೇಲೂರಿನಲ್ಲಿ ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ, ಇನ್ನೂ ಯಾರೂ ನಂಬಿಲ್ಲ. ನೆಲದ ಮೇಲೂ ನೀರಿನ ಮೇಲೂ ಇಳಿಯುವ ಸಣ್ಣ ವಿಮಾನವೊಂದಿದೆ. ಅದರ ಹೊಟ್ಟೆಯ ಕೆಳಗೆ ದೋಣಿಯಂಥ ಎರಡು ಫ್ಲೋಟುಗಳು, ಫ್ಲೋಟುಗಳೊಳಗೆ ಚಕ್ರಗಳು. ನೆಲಕ್ಕೆ ಇಳಿಯುವಾಗ ಚಕ್ರ ಕೆಳಗೆ ಬರಬೇಕು, ನೀರಿಗೆ ಇಳಿಯುವಾಗ ಮೇಲೆ ಹೋಗಿ ಗೂಡು ಸೇರಬೇಕು. ಒಂದೇ ಒಂದು ಚಕ್ರ ಹೊರಗುಳಿದು ನೀರಿಗೆ ತಗುಲಿದರೂ ವಿಮಾನ ಮುಗ್ಗರಿಸಿ ಮಗುಚುತ್ತದೆ. ಚಕ್ರಗಳನ್ನು ಎತ್ತಿ ಇಳಿಸುವುದು ಸಣ್ಣ ಪೈಪುಗಳಲ್ಲಿ ಒತ್ತಡದಿಂದ ಓಡುವ ಎಣ್ಣೆ. ಆ ಪೈಪು, ಬಾಗುವ ರಬ್ಬರ್ ಹೋಸು, ನಟ್ಟುಗಳನ್ನು ನೋಡಿಕೊಳ್ಳುವವನು ನಾನು. ಎಣ್ಣೆಯ ಬಣ್ಣ ಕೆಂಪು. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋಗಿರುವುದು ಬಹುಪಾಲು ಆ ಬಣ್ಣದಲ್ಲೇ.

"ವರ್ಷಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲ ನಮ್ಮ ಕಡೆ. ಇವನು ನೀರಿಗೆ ಇಳಿಯೋ ವಿಮಾನ ರಿಪೇರಿ ಮಾಡ್ತಾನಂತೆ" ಎಂದು ಊರವರು ನಗುತ್ತಾರೆ. ನಗಲಿ ಬಿಡಿ. ನನ್ನನ್ನು ಚುಚ್ಚುವುದು ಬೇರೆಯೇ ಒಂದು ವಿಷಯ. ವಿಮಾನ ನಿಲ್ಲಿಸುವ ನಮ್ಮ ಹ್ಯಾಂಗರಿನಲ್ಲಿ ಕೆಲಸ ಮಾಡುವವನು ಒಬ್ಬ, ಅದು ಸರಿಯಾಗಿದೆ ಎಂದು ಸಹಿ ಹಾಕುವವರು ಇನ್ನೊಬ್ಬರು. ಆ ಸಹಿ ಇಲ್ಲದೆ ವಿಮಾನ ಏಳುವ ಹಾಗಿಲ್ಲ. ನನ್ನ ನಂತರ ಸೇರಿದವರಿಗೆಲ್ಲ ಸಹಿಯ ಹಕ್ಕು ಸಿಕ್ಕಿದೆ, ನನಗಿಲ್ಲ. ನನ್ನ ಕೆಲಸಕ್ಕೆ ಸಹಿ ಹಾಕುವುದು ನಮ್ಮ ಇನ್‌ಸ್ಪೆಕ್ಟರ್ ಮೇಡಂ. ಚಿಂತಾಮಣಿ ಊರಿನ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಸಿಟ್ಟು ಬಂದರೆ ಕನ್ನಡದೊಳಗೆ ತೆಲುಗು ನುಗ್ಗುತ್ತದೆ. ಕಳೆದ ಯುಗಾದಿಯ ಮಾರನೇ ದಿನ ಅವರು ನನ್ನನ್ನು ಕರೆದು, "ದಸರಾ ತನಕ ಒಂದೂ ಅವಾಂತರ ಇಲ್ದೆ ಕಳೆದುಬಿಡಯ್ಯ. ನಿನ್ನ ಹೆಸರು ನಾನೇ ಬರೆದು ಕಳಿಸ್ತೀನಿ" ಎಂದರು.

ಯುಗಾದಿಯಿಂದ ದಸರಾಕ್ಕೆ ಎಷ್ಟು ತಿಂಗಳು ಮಹಾ ಎಂದುಕೊಂಡೆ.

೧. ಮಾವನವರ ಬಿಳಿ ಪಂಚೆ

ಮಂಚೇನಹಳ್ಳಿಯ ನಮ್ಮ ಮಾವನವರಿಗೆ ಅಳಿಯನ ಕೆಲಸವನ್ನು ಕಣ್ಣಾರೆ ನೋಡುವ ಆಸೆ. ಮೇಡಂ ಒಪ್ಪಿಗೆ ಕೊಟ್ಟರು. ಮಾವನವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ, ಹೆಣ್ಣು ನೋಡಲು ಬಂದವರ ಹಾಗೆ ಬಂದರು.

ಅವತ್ತು ವಿಮಾನ ಜಾಕಿನ ಮೇಲಿತ್ತು. ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆಯಲು ನಾನು ಬೆಳಿಗ್ಗೆ ಒಂದು ನಟ್ಟು ಸಡಿಲ ಮಾಡಿದ್ದೆ. ಮಾವನವರು ಬಂದ ಸಡಗರದಲ್ಲಿ ಅದು ಮನಸ್ಸಿನಿಂದಲೇ ಹಾರಿಹೋಗಿತ್ತು. "ಮಾವ, ಹತ್ತಿರ ಬಗ್ಗಿ ನೋಡಿ. ಈ ಕೈಪಂಪು ಒತ್ತಿದ್ರೆ ಚಕ್ರ ತಾನಾಗೇ ಮೇಲಕ್ಕೆ ಹೋಗುತ್ತೆ" ಎಂದು ಗತ್ತಿನಿಂದ ಒತ್ತಿದೆ. ಒಂದು, ಎರಡು. ಮೂರನೆಯದಕ್ಕೆ ಚಕ್ರ ಇದ್ದಲ್ಲೇ ಇತ್ತು. ಎಣ್ಣೆಯೆಲ್ಲ ಮಾವನವರ ಎದೆಯಿಂದ ಪಂಚೆಯ ಅಂಚಿನವರೆಗೆ ಹೋಗಿತ್ತು.

ನನ್ನ ಕೆಲಸದ ಬಾಯ್ಲರ್ ಸೂಟು ಹಾಕಿಕೊಳ್ಳಿ ಎಂದು ಬೇಡಿಕೊಂಡೆ. ಪಂಚೆ ಬಿಟ್ಟು ಬೇರೇನೂ ಉಟ್ಟವರಲ್ಲ, ಒಪ್ಪಲಿಲ್ಲ. ಹಾಗೇ ಬಸ್ಸು ಹತ್ತಿದರು. ಬಸ್ಸಿನವರು ಗಾಬರಿಯಾಗಿ ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿ ಅವರನ್ನು ಮಲಗಿಸಿದರಂತೆ. ಬಸ್ಸು ಮಂಚೇನಹಳ್ಳಿ ಮುಟ್ಟುವ ಮೊದಲೇ, ಅಳಿಯ ಮಾವನಿಗೆ ಹೊಡೆದನಂತೆ ಎಂಬ ಸುದ್ದಿ ಮುಟ್ಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸೇರಿದ್ದ ಜನಕ್ಕೆ ಮಾವನವರು ಸಮಾಧಾನವಾಗಿ ಹೇಳಿದರಂತೆ: "ಹೊಡೀಲಿಲ್ಲ ಕಣ್ರಪ್ಪ. ಹೊಡೆದಿದ್ರೆ ಆಸ್ಪತ್ರೆಗಾದ್ರೂ ಹೋಗ್ಬೋದಿತ್ತು. ಅಳಿಯಂದ್ರು ಪ್ರೀತಿಯಿಂದ ಕರೆದು ಕೆಲಸ ತೋರಿಸಿದ್ರು."

ಈಗಲೂ ಹಬ್ಬಕ್ಕೆ ಹೋದಾಗ ನಾನು ಊಟಕ್ಕೆ ಅವರ ಎದುರು ಕೂರುವುದಿಲ್ಲ. ಮೇಡಂ ಮಾತ್ರ, "ವಿಮಾನಕ್ಕೇನೂ ಆಗ್ಲಿಲ್ವಲ್ಲ, ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ" ಎಂದರು.

೨. ಸಾರಿನ ಪುಟ

ಈ ಕೆಲಸಕ್ಕೆ ಸೇರುವ ಮುಂಚೆ ಗೌರಿಬಿದನೂರಿನಲ್ಲಿ ಟ್ರ್ಯಾಕ್ಟರ್, ಜೆಸಿಬಿಗಳ ಹೋಸು ಕಟ್ಟುವ ಅಂಗಡಿಯಲ್ಲಿ ಆರು ವರ್ಷ ಇದ್ದೆ. ಅಲ್ಲಿ ಕಲಿತ ವಿದ್ಯೆ ಇಷ್ಟೇ: ನಟ್ಟು ಬಿಗಿ ಮಾಡು, ಆಮೇಲೆ ಧೈರ್ಯಕ್ಕೆ ಇನ್ನೊಂದು ಅರ್ಧ ಸುತ್ತು. ವಿಮಾನದಲ್ಲಿ ಹಾಗಿಲ್ಲ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಟಾರ್ಕ್ ರೆಂಚಿನಲ್ಲಿ ಗುರುತು ಇಟ್ಟಿರುತ್ತೇವೆ, ಅದು 'ಟಕ್' ಎಂದ ಕೂಡಲೇ ಕೈ ನಿಲ್ಲಬೇಕು. ಹದಿನಾಲ್ಕು ವರ್ಷವಾದರೂ ನನ್ನ ಕೈ ಒಮ್ಮೊಮ್ಮೆ ನಿಲ್ಲುತ್ತಿರಲಿಲ್ಲ. ಆ ಬೇಸಿಗೆಯಲ್ಲೂ ಅಭ್ಯಾಸದ ಮೇಜಿನ ಮೇಲೆ ಎರಡು ನಟ್ಟು ಸೀಳಿಯೇಬಿಟ್ಟೆ.

ಅದೇ ವಾರ ಮೇಡಂ, ಚೀಲದಲ್ಲಿ ಸಾರು ಚೆಲ್ಲುತ್ತದೆಂದು ತಮ್ಮ ತಿರುಪಿನ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಬಿಗಿಯಾಗಿ ಮುಚ್ಚಯ್ಯ" ಎಂದರು. ಮುಚ್ಚಿದೆ. ಮಧ್ಯಾಹ್ನ ಆ ಡಬ್ಬಿ ಮೇಡಂ ಕೈಯಿಂದ ಸ್ಟೋರಿನವರ ಕೈಗೆ, ಅಲ್ಲಿಂದ ನಮ್ಮ ಪೈಲಟ್ ಕ್ಯಾಪ್ಟನ್ ಸಾಹೇಬರ ಕೈಗೆ ಹೋಯಿತು. ಯಾರಿಂದಲೂ ಮಿಸುಕಲಿಲ್ಲ. ಕೊನೆಗೆ ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ನಾನೇ ದೊಡ್ಡ ರೆಂಚು ತಂದು ತಿರುಗಿಸಿದೆ. ಡಬ್ಬಿ ಬಿಚ್ಚಿಕೊಂಡಿತು, ಸಾರು ಮೇಜಿನ ಮೇಲೆ ತೆರೆದಿಟ್ಟಿದ್ದ ಕೈಪಿಡಿಯ ಮೇಲೆ ಹರಿಯಿತು. ಯಾವ ನಟ್ಟಿಗೆ ಎಷ್ಟು ಬಿಗಿ ಎಂದು ಬರೆದಿದ್ದ ಪುಟವೇ ಆಗಬೇಕೆ.

"ಏಮಯ್ಯಾ, ನನ್ನ ಊಟಕ್ಕೂ ಅರ್ಧ ಸುತ್ತು ಜಾಸ್ತಿನಾ?" ಎಂದರು ಮೇಡಂ. ಅವತ್ತಿನಿಂದ ನಮ್ಮಲ್ಲಿ ಯಾರಾದರೂ ಆ ಲೆಕ್ಕ ಕೇಳಿದರೆ, "ಸಾರಿನ ಪುಟ ತೆಗೆದು ನೋಡಿ" ಎನ್ನುತ್ತಾರೆ. ಒಗ್ಗರಣೆಯ ವಾಸನೆ ಇನ್ನೂ ಹೋಗಿಲ್ಲ.

ನಾಚಿಕೆಯಿಂದ ನಾನೊಂದು ಶಪಥ ಮಾಡಿದೆ. ಇನ್ನು ಮೇಲೆ ನಟ್ಟನ್ನು ಬೆರಳಲ್ಲಿ ಕೂರಿಸುವುದು, ಟಾರ್ಕ್ ರೆಂಚು ಕೈಗೆ ಬರುವ ತನಕ ಬೇರೆ ಯಾವ ರೆಂಚನ್ನೂ ಅದಕ್ಕೆ ಮುಟ್ಟಿಸುವುದಿಲ್ಲ. ಒಳ್ಳೆಯ ಶಪಥವೇ. ಮುಂದೆ ಕುತ್ತಿಗೆಗೆ ಬಂದದ್ದೂ ಅದೇ.

೩. ಹಿಪ್ಪುನೇರಳೆ ತೋಟದ ತಪಾಸಣೆ

ಪೈಪು ಬಿಚ್ಚಿದಾಗ ಕಸ ಹೋಗದ ಹಾಗೆ ಅದರ ಬಾಯಿಗೆ ನೀಲಿ ಪ್ಲಾಸ್ಟಿಕ್ ಮುಚ್ಚಳ ಹಾಕುತ್ತೇವೆ. ಕೆಲಸ ಮುಗಿದ ಮೇಲೆ ಮುಚ್ಚಳಗಳನ್ನು ಎಣಿಸಬೇಕು. ಒಂದು ಕಡಿಮೆಯಾದರೆ ಅದು ಪೈಪಿನೊಳಗೇ ಉಳಿದಿರಬಹುದು, ಹಾಗಾದರೆ ಎಣ್ಣೆ ಕಟ್ಟಿಕೊಳ್ಳುತ್ತದೆ. ಆಷಾಢದಲ್ಲಿ ಒಂದು ದಿನ ಒಂದು ಕಡಿಮೆ ಬಂತು. ಕಟ್ಟಿದ್ದ ಪೈಪುಗಳನ್ನೆಲ್ಲ ಎರಡು ದಿನ ಕೂತು ಮತ್ತೆ ಬಿಚ್ಚಿದೆವು. ಸಿಗಲಿಲ್ಲ.

ಮೂರನೇ ದಿನ ಹೆಂಡತಿಗೆ ಫೋನು ಮಾಡಿದಾಗ ಸುಮ್ಮನೆ ಕೇಳಿದೆ. "ನೀಲಿದಾ? ನಿಮ್ಮ ಪ್ಯಾಂಟು ಒಗೆಯೋವಾಗ ಜೇಬಲ್ಲಿ ಸಿಕ್ತಲ್ಲ ರೀ. ತೋಟದ ಡ್ರಿಪ್ ಪೈಪಿನ ತುದಿ ಒಡೆದಿತ್ತು, ಅಳತೆ ಸರಿಹೋಯ್ತು, ಹಾಕ್ಬಿಟ್ಟೆ" ಎಂದಳು.

ಕಣ್ಣಲ್ಲಿ ನೋಡದೆ 'ಸಿಕ್ಕಿತು' ಎಂದು ಬರೆಯುವ ಪೈಕಿ ಅಲ್ಲ ನಮ್ಮ ಮೇಡಂ. ಜೀಪು ಮಾಡಿಕೊಂಡು ಮೇಲೂರಿಗೇ ಬಂದರು. ಇಡೀ ಊರು ನೋಡುತ್ತಿರುವಾಗ ಹಿಪ್ಪುನೇರಳೆ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಟಾರ್ಚು ಬಿಟ್ಟು, ಮುಚ್ಚಳದ ನಂಬರು ಓದಿ, ಸುತ್ತ ಬೆರಳು ಸವರಿ ನೋಡಿದರು. ಬೆರಳು ಒಣಗೇ ಇತ್ತು.

"ನಿನ್ನ ಕೆಲಸದಲ್ಲಿ ಸೋರದೆ ಇರೋದು ಇದೊಂದೇ ಕಣಯ್ಯ" ಎಂದರು.

"ಅದು ಹಾಕಿದ್ದು ನಾನು ಮೇಡಂ" ಎಂದಳು ನನ್ನ ಹೆಂಡತಿ.

ಮೇಡಂ ಎದ್ದು ನಿಂತು ಅವಳನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು. "ಕೆಲಸಕ್ಕೆ ಬರ್ತೀಯೇನಮ್ಮ?"

೪. ಬೂದುಗುಂಬಳಕಾಯಿ

ಇಷ್ಟಾದರೂ ಮೇಡಂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಮೂರೂ ನಗೋ ವಿಷಯ. ನಗದೆ ಇರೋ ಅಂಥದ್ದು ಮಾಡ್ಕೋಬೇಡ" ಎಂದಿದ್ದರು. ಆಯುಧಪೂಜೆ ಬಂತು. ಅದೊಂದು ದಾಟಿಬಿಟ್ಟರೆ ಸಹಿಯ ಹಕ್ಕಿಗೆ ನನ್ನ ಹೆಸರು ಹೋಗುವುದಿತ್ತು.

ಪೂಜೆಯ ಉಸ್ತುವಾರಿ ನನ್ನದೇ. ಬೆಳಿಗ್ಗೆ ಬೇಗ ಬಂದು ಎಡ ಫ್ಲೋಟಿಗೆ ಹೊಸ ಹೋಸು ಹಾಕಿದೆ. ಅದಕ್ಕೆ ಎರಡು ತುದಿ, ಎರಡು ನಟ್ಟು. ಒಂದನ್ನು ಟಾರ್ಕ್ ರೆಂಚಿನಲ್ಲಿ 'ಟಕ್' ಅನ್ನಿಸಿದೆ. ಇನ್ನೊಂದನ್ನು ಬೆರಳಲ್ಲಿ ಕೂರಿಸುವಷ್ಟರಲ್ಲಿ ಹೂವಿನವಳು ಬಂದಳು. ಹೂ ತೆಗೆದುಕೊಂಡೆ, ಉಪಕರಣಗಳನ್ನೆಲ್ಲ ಒರೆಸಿದೆ, ಹಲಗೆಯ ಮೇಲೆ ಸಾಲಾಗಿ ಜೋಡಿಸಿದೆ, ಅರಿಶಿನ ಕುಂಕುಮ ಇಟ್ಟೆ. ಟಾರ್ಕ್ ರೆಂಚಿಗೆ ಎಲ್ಲಕ್ಕಿಂತ ದೊಡ್ಡ ಚೆಂಡುಹೂವು. ಆಗ ನೆನಪಾಯಿತು, ಎರಡನೇ ನಟ್ಟು.

ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತುವ ಹಾಗಿಲ್ಲ. ಮೇಡಂ ಆಗಲೇ ಆರತಿ ತಟ್ಟೆ ಹಿಡಿದು ನಿಂತಿದ್ದರು. ಬಾಯಿಬಿಟ್ಟು ಹೇಳಿದ್ದರೆ ಅವರೇ ರೆಂಚು ಎತ್ತಿ ಕೊಡುತ್ತಿದ್ದರು. ಹೇಳಲು ನಾಚಿಕೆಯಾಯಿತು. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ ಎಂದುಕೊಂಡು ಕೈ ಮುಗಿದೆ. ಆಮೇಲೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ವಿಮಾನಕ್ಕೆ ಇಳಿ ತೆಗೆದು, ಎಡ ಫ್ಲೋಟಿನ ಮುಂದೆಯೇ ಜೋರಾಗಿ ಒಡೆದೆ. ನೆಲ, ಚಕ್ರ, ಫ್ಲೋಟಿನ ಅಡಿ, ಎಲ್ಲ ಕೆಂಪೋ ಕೆಂಪು.

ಮಾರನೇ ದಿನ ಕ್ಯಾಪ್ಟನ್ ಸಾಹೇಬರು ಒಂದು ಜಲಾಶಯದಲ್ಲಿ ಇಳಿದು ಅಭ್ಯಾಸ ಮಾಡುವುದಿತ್ತು. ವಿಮಾನವನ್ನು ಜಾಕಿಗೆ ಏರಿಸಿ ಪಂಪು ಓಡಿಸಿದೆ. ಚಕ್ರಗಳು ಚೆನ್ನಾಗಿ ಮೇಲೆ ಹೋದವು, ಕೆಳಗೆ ಬಂದವು. ಆ ಖುಷಿಯಲ್ಲಿ ನಟ್ಟು ಮರೆತೇಹೋಯಿತು. ವಿಮಾನವನ್ನು ಜಾಕಿನಿಂದ ಇಳಿಸಿದ ಮೇಲೆ ಫ್ಲೋಟಿನ ಕೆಳಗೆ ನಾಲ್ಕೈದು ಕೆಂಪು ಹನಿ ನೇತಾಡುತ್ತಿದ್ದವು.

"ಏನಯ್ಯ ಅದು?" ಎಂದರು ಮೇಡಂ.

"ನಿನ್ನೆಯ ಕುಂಕುಮ ಮೇಡಂ. ಇಬ್ಬನಿಗೆ ಕರಗಿದೆ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ ಮೇಡಂ." ನೋಡಿರಲಿಲ್ಲ. ಕುಂಕುಮವೇ ಇರಲಿ ಎಂದು ಮನಸ್ಸು ಬಯಸಿತ್ತು, ಕಣ್ಣು ಒಪ್ಪಿಕೊಂಡಿತ್ತು.

"ನಿನ್ನ ಮಾತಿನ ಮೇಲೆ ಹಾಕ್ತಾ ಇದೀನಿ" ಎಂದು ಮೇಡಂ ಸಹಿ ಹಾಕಿದರು. ಅವರು ನನ್ನ ಮಾತನ್ನು ಹಾಗೆ ನಂಬಿದ್ದು ಅದೇ ಮೊದಲು.

ಕ್ಯಾಪ್ಟನ್ ಸಾಹೇಬರು ಬಹಳ ದೈವಭಕ್ತರು. ಹಾರುವ ಮುಂಚೆ ವಿಮಾನಕ್ಕೆ ಒಂದು ಪ್ರದಕ್ಷಿಣೆ ಹಾಕಿ ಫ್ಲೋಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅವತ್ತು ಕೆಂಪು ಹನಿಗಳನ್ನು ನೋಡಿ, "ಇದು?" ಎಂದರು. "ಪೂಜೆಯ ಕುಂಕುಮ ಸಾರ್" ಎಂದೆ. "ನಿನ್ನೆ ಬರಕ್ಕಾಗ್ಲಿಲ್ಲ. ಪ್ರಸಾದ ನನಗೋಸ್ಕರ ಕಾದಿದೆ ನೋಡಿ" ಎಂದು ಎರಡು ಹನಿ ಬೆರಳಿಗೆ ತೆಗೆದುಕೊಂಡು, ಕಣ್ಣು ಮುಚ್ಚಿ ಹಣೆಗೆ ಅಗಲವಾಗಿ ಇಟ್ಟುಕೊಂಡು ವಿಮಾನ ಹತ್ತಿದರು.

ನಾನು ಕೆಳಗೆ ನಿಂತು ಕೈ ಬೀಸುತ್ತಿದ್ದೆ. ಕಿಟಕಿಯಲ್ಲಿ ಅವರ ಮುಖ. ಹಣೆಯ ಕುಂಕುಮ ಹುಬ್ಬಿನ ನಡುವೆ ಇಳಿಯಿತು. ಮೂಗಿನ ಮೇಲೆ ಬಂತು. ತುದಿಯಲ್ಲಿ ಹನಿಯಾಗಿ ನಿಂತು ಬಿಸಿಲಿಗೆ ಪಳಪಳ ಹೊಳೆಯಿತು. ಅವರು ಒರೆಸಿಕೊಂಡರು, ಇನ್ನೊಂದು ಇಳಿಯಿತು.

ಕುಂಕುಮ ಹೊಳೆಯುವುದಿಲ್ಲ. ಎರಡನೇ ನಟ್ಟು ಆಗ ನೆನಪಾಯಿತು.

ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಎರಡೂ ಕೈ ಎತ್ತಿಕೊಂಡು ಓಡಿದೆ. "ಇಳೀರಿ ಸಾರ್. ಅದು ಕುಂಕುಮ ಅಲ್ಲ."

"ಮತ್ತೇನು?"

"ನಮ್ಮ ಎಣ್ಣೆ."

ಎಲ್ಲರ ಎದುರಿಗೆ ಫ್ಲೋಟಿನೊಳಗೆ ಕೈ ಹಾಕಿ ನಟ್ಟು ಮುಟ್ಟಿದೆ. ಬೆರಳಿಗೇ ತಿರುಗಿತು. ದಾರಿಯಲ್ಲಿ ಎಣ್ಣೆ ಖಾಲಿಯಾಗಿ ಆ ಒಂದು ಚಕ್ರ ಗೂಡು ಸೇರದೆ ಉಳಿದಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿದ್ದ ಯಾರಿಗೂ ವಿವರಿಸಬೇಕಿರಲಿಲ್ಲ. ಹೂವಿನವಳಿಂದ ಹಿಡಿದು ಎಲ್ಲವನ್ನೂ ಬಾಯಿಬಿಟ್ಟೆ. ಕ್ಯಾಪ್ಟನ್ ಸಾಹೇಬರು ನೇರ ಹೋಗಿ ಮೂರು ಸಲ ಸೋಪು ಹಾಕಿ ಮುಖ ತೊಳೆದರು. ಮೇಡಂ ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದರು. ತೆಲುಗಿನಲ್ಲಿ ಬೈಯಲಿ ಎಂದು ಕಾದೆ, ಬೈಯಲಿಲ್ಲ. "ನನ್ನ ಸಹಿನ ನಾನೇ ಹೊಡೆದುಹಾಕಿದ್ದು ಇದೇ ಮೊದಲು ಕಣಯ್ಯ" ಎಂದರು ಅಷ್ಟೇ. ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಸಹಿಯ ಹಕ್ಕಿಗೆ ನನ್ನ ಹೆಸರು ಹೋಗಲಿಲ್ಲ. ಹೋಗಬಾರದಿತ್ತು ಕೂಡ.

ವಾರ ಕಳೆದ ಮೇಲೆ ಹ್ಯಾಂಗರಿನ ಬಿಳಿ ಹಲಗೆಯ ಮೇಲೆ, ದಿನದ ಕೆಲಸಗಳ ಪಟ್ಟಿಯ ಕೊನೆಗೆ ಮೇಡಂ ಕೈಬರಹದಲ್ಲಿ ಹೊಸದೊಂದು ಸಾಲು ಬಂತು: 'ಫ್ಲೋಟಿನ ಕೆಳಗೆ ಕೆಂಪು ಕಂಡರೆ, ಕುಂಕುಮವೋ, ಎಣ್ಣೆಯೋ? ಹಣೆಗೆ ಹಚ್ಚಿಕೊಂಡು ಐದು ನಿಮಿಷ ಕನ್ನಡಿ ಮುಂದೆ ನಿಂತವರ ಸಹಿ.' ಪಕ್ಕದಲ್ಲಿ ಒಂದು ಖಾಲಿ ಚೌಕ. ಹಣೆ ನನ್ನದು, ಸಹಿಯೂ ನನ್ನದು. ಕೆಂಪು ಇರಲಿ ಬಿಡಲಿ, ಚೌಕ ತುಂಬುವ ತನಕ ಕ್ಯಾಪ್ಟನ್ ಸಾಹೇಬರು ವಿಮಾನ ಹತ್ತುವುದಿಲ್ಲ.

ಮನೆಯವಳು ಈ ಸಂಗತಿಯನ್ನು ಅರ್ಧ ಮಾತ್ರ ತವರಿಗೆ ತಲುಪಿಸಿದ್ದಾಳೆ. ಮಾವನವರು ಈಗ ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, "ನಮ್ಮ ಅಳಿಯಂದ್ರು ಸಹಿ ಹಾಕ್ದೆ ವಿಮಾನ ಏಳೋದೇ ಇಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಅದು ಸುಳ್ಳಲ್ಲ. ನಾನು ಆ ಸಹಿ ಹಾಕುವುದನ್ನು ಕಣ್ಣಾರೆ ನೋಡಬೇಕೆಂದು ಹೊಸ ಬಿಳಿ ಪಂಚೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾರಂತೆ.