ಗೇಟಿಗೆ ಮೂರು ಕೋಟು, ಮನೆಗಿಲ್ಲ ಬಾಗಿಲು

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಭದ್ರಾವತಿಯಿಂದ ಶಿವಮೊಗ್ಗದವರೆಗೆ, ನಡುವೆ ಬರುವ ಮಲವಗೊಪ್ಪವನ್ನೂ ಸೇರಿಸಿ, ಯಾರೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ನಾನು ಬಾರ್ ಚಾರ್ಟ್ ಎಳೆದೆನೆಂದರೆ, ಯಾವ ಕೆಲಸದ ಹಿಂದೆ ಯಾವುದು ಬರಬೇಕೋ ಅದೇ ಸಾಲಿನಲ್ಲಿ ಬರುತ್ತಿತ್ತು. ತಡವಾಗಿ ಬರುತ್ತಿತ್ತು, ಅದು ಬೇರೆ ಮಾತು!

ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕುಳಿತ ಮೇಲೂ ಕೈ ಸುಮ್ಮನಿರಲಿಲ್ಲ. ಓಲ್ಡ್ ಟೌನ್‌ನ ಬಾಡಿಗೆ ಮನೆಯಲ್ಲಿ ಸಾಸಿವೆ ಡಬ್ಬಿ ಯಾವಾಗ ತುಂಬಬೇಕು, ಒಗ್ಗರಣೆ ಎಷ್ಟು ಹೊತ್ತಿಗೆ ಬೀಳಬೇಕು ಎಂದೆಲ್ಲ ಚಾರ್ಟ್ ಹಾಕಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹಾಗಾಗಿ ನನಗೊಂದು ಕೆಲಸ ಸಿಗುವುದು ನನಗಿಂತ ನನ್ನ ಹೆಂಡತಿ ಗಿರಿಜಾಗೆ ಹೆಚ್ಚು ಬೇಕಾಗಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲೆ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಕೆಲಸಗಳ ಮೇಲ್ವಿಚಾರಣೆಗೆ ಗುತ್ತಿಗೆಯ ಮೇಲೆ ಒಬ್ಬರು ಬೇಕಾಗಿದ್ದಾರೆಂದು ತಿಳಿದು, ಚಾರ್ಟುಗಳ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದೆ. ನನ್ನ ಮಗಳ ವಯಸ್ಸಿನ ಮ್ಯಾನೇಜರ್ ಕವಿತಾ ಎಲ್ಲವನ್ನೂ ಬಿಡಿಸಿ ನೋಡಿದಳು.

“ಚಾರ್ಟ್ ಚೆನ್ನಾಗಿದೆ ಸಾರ್. ಆದ್ರೆ ಈಗ ಗುತ್ತಿಗೆ ಮೇಲೆ ಬರೋರನ್ನ ಎಲ್ರೂ ಮೊದ್ಲು ಕೇಳೋದೇ ಅಜೈಲ್ ಗೊತ್ತಾ ಅಂತ. ನಿಮಗೆ ಗೊತ್ತಾ?”

ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು.

“ಗೊತ್ತಾ ಅಂದ್ರೆ! ಮಲವಗೊಪ್ಪದಲ್ಲಿ ನಮ್ಮ ಮನೇನೇ ಅಜೈಲ್‌ನಲ್ಲಿ ಕಟ್ಟಿಸ್ತಾ ಇದೀನಿ. ಗೃಹಪ್ರವೇಶಕ್ಕೆ ಬನ್ನಿ, ಕಣ್ಣಾರೆ ನೋಡಿ!”

“ಖಂಡಿತ ಬರ್ತೀನಿ ಸಾರ್. ನೋಡಿದ ಮೇಲೇ ನಿಮ್ಮ ಆರ್ಡರ್ ಮಾಡಿದ್ರಾಯ್ತು.”

ಮೆಟ್ಟಿಲಿಳಿದವನೇ ನೇರ ಸೈಬರ್ ಸೆಂಟರಿಗೆ ಓಡಿದೆ. ಅಲ್ಲಿ ತಿಳಿದದ್ದಿಷ್ಟು: ಮೊದಲಿಂದ ಕೊನೆಯವರೆಗೆ ದೊಡ್ಡ ಯೋಜನೆ ಹಾಕಿ ಕೂರಬಾರದು, ಕೆಲಸವನ್ನು ತುಂಡು ತುಂಡು ಮಾಡಬೇಕು. ತುಂಡುಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಯಾರಿಗೆ ಯಾವ ಚೀಟಿ ಬೇಕೋ ಅವರೇ ಆರಿಸಿಕೊಳ್ಳಬೇಕು. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡು ಸಭೆ ಮಾಡಬೇಕು. ಇಷ್ಟೇನಾ! ಇಷ್ಟಕ್ಕೆ ನಾನು ಹೆದರಿದೆನಲ್ಲ ಎಂದು ನನಗೆ ನಗು ಬಂತು.

“ಕೆಲ್ಸ ಸಿಕ್ತಾ?” ಎಂದಳು ಗಿರಿಜಾ.

“ಸಿಕ್ಕಂಗೇ. ಮನೆ ಅಜೈಲ್ ಆಗ್ಬೇಕು, ಅಷ್ಟೆ.”

“ಅದು ಮೊದ್ಲು ಮನೆ ಆಗ್ಲಿ ಮಾರಾಯ್ರೇ!”

ಮನೆಗೆ ಅಷ್ಟು ಹೊತ್ತಿಗೆ ತಾರಸಿ ಬಿದ್ದಿತ್ತು, ಬಾಗಿಲ ಚೌಕಟ್ಟುಗಳು ನಿಂತಿದ್ದವು. ಉಳಿದ ಕೆಲಸಕ್ಕೆ ನಾನೇ ಹಾಕಿದ್ದ ಚಾರ್ಟನ್ನು ಮೇಸ್ತ್ರಿ ಮುರುಗೇಶ, ಬಡಗಿ ಚಂದ್ರಣ್ಣ, ವೈರಿಂಗಿನವನು, ಬಣ್ಣದವನು ಎಲ್ಲರ ಸಮ್ಮುಖದಲ್ಲಿ ಹರಿದು ಹಾಕಿ, ಕೆಲಸಗಳ ಚೀಟಿಗಳನ್ನು ಹಾಲ್‌ನ ಗೋಡೆಗೆ ಅಂಟಿಸಿದೆ. “ಇಂದಿನಿಂದ ನಾನು ಅಪ್ಪಣೆ ಕೊಡೋದಿಲ್ಲ. ನಿಮ್ಮ ಚೀಟಿ ನೀವೇ ಆರಿಸ್ಕೊಳ್ಳಿ!” ಎಂದು ಘೋಷಿಸಿದೆ. ನಾಲ್ವರೂ ಮುಖ ಮುಖ ನೋಡಿಕೊಂಡರು. ಭಕ್ತಿಯಿಂದ ಎಂದು ತಿಳಿದೆ.

ಮರುದಿನ ನಿಂತು ಮಾಡುವ ಸಭೆ ಶುರುವಾಯಿತು. “ನಿನ್ನೆ ಏನು ಮಾಡಿದ್ರಿ? ಇವತ್ತು ಏನು ಮಾಡ್ತೀರಿ? ಕೆಲ್ಸಕ್ಕೆ ಅಡ್ಡಿ ಏನು?”

ಮುರುಗೇಶ ಕೈಕಟ್ಟಿ ನಿಂತು ಹೇಳಿದ: “ಅಡ್ಡಿ ಈ ಮೀಟಿಂಗೇ ಸಾರ್. ಕಲಸಿದ ಸಿಮೆಂಟು ಅಲ್ಲಿ ಗಟ್ಟಿ ಆಗ್ತಾ ಇದೆ.”

ನಾನು ಧೃತಿಗೆಡಲಿಲ್ಲ. ಹೊಸ ಪದ್ಧತಿಗೆ ಆರಂಭದಲ್ಲಿ ವಿರೋಧ ಸಹಜ ಎಂದು ಸೈಬರ್ ಸೆಂಟರಿನಲ್ಲಿ ಮುದ್ರಿಸಿ ತಂದ ಕಾಗದದಲ್ಲೇ ಇತ್ತು. ದಿನ ದಿನಕ್ಕೂ ಗೋಡೆಯಲ್ಲಿ ‘ಮುಗಿಯಿತು’ ಎಂಬ ಕಡೆಗೆ ಚೀಟಿಗಳು ಹಾರುತ್ತಿದ್ದವು. ಕಾರ್ಖಾನೆಯಲ್ಲಿ ನನ್ನ ಜೀವಮಾನದಲ್ಲೇ ಇಷ್ಟು ಪ್ರಗತಿ ಕಂಡಿರಲಿಲ್ಲ! ಆದ್ದರಿಂದ ಚೀಟಿಗಳನ್ನು ನೋಡುತ್ತಿದ್ದೆನೇ ಹೊರತು ಮನೆಯನ್ನು ನೋಡಲಿಲ್ಲ.

ನೋಡಿದವಳು ಗಿರಿಜಾ. ಗೃಹಪ್ರವೇಶಕ್ಕೆ ಇನ್ನೇನು ವಾರವಿದೆ ಎನ್ನುವಾಗ ಬಸ್ಸಿಳಿದು ಬಂದಳು. ಗೇಟಿಗೆ ಮೂರನೇ ಕೋಟು ಹಸಿರು ಬಣ್ಣ ಬೀಳುತ್ತಿತ್ತು.

“ರೀ, ಮುಂಬಾಗಿಲೆಲ್ಲಿ?”

“ಅದು ಮುಂದಿನ ಹಂತದಲ್ಲಿ.”

“ಚಂದ್ರಣ್ಣ ಇಷ್ಟು ದಿನ ಏನ್ಮಾಡ್ದ?”

“ಚಪ್ಪಲಿ ಸ್ಟ್ಯಾಂಡು.”

“ಮನೆಗೇ ಬಾಗ್ಲಿಲ್ಲ, ಚಪ್ಪಲಿ ಎಲ್ಲಿ ಬಿಟ್ರೇನು! ಅಡುಗೆಮನೆಗೆ ನೆಲ?”

“ಆ ಚೀಟೀನ ಯಾರೂ ಆರಿಸ್ಕೊಂಡಿಲ್ಲ.”

ಗಿರಿಜಾ ಹಣೆ ಚಚ್ಚಿಕೊಂಡಳು. ಒಳಗೆ ಇನ್ನೂ ಚಂದವಿತ್ತು. ಮುರುಗೇಶ ನುಣ್ಣಗೆ ಗಿಲಾವು ಮಾಡಿದ ಗೋಡೆಯನ್ನು ವೈರಿಂಗಿನವನು ಉದ್ದಕ್ಕೂ ಕೊರೆಯುತ್ತಿದ್ದ. ಒಬ್ಬೊಬ್ಬರೂ ತಮಗೆ ಸುಲಭವಾದದ್ದನ್ನೇ ಆರಿಸಿಕೊಂಡಿದ್ದರು. ಕವಿತಾ ಬಂದು ಇದನ್ನು ಕಣ್ಣಾರೆ ನೋಡುವವಳಿದ್ದಳು!

“ಗೃಹಪ್ರವೇಶ ಮುಂದಕ್ಕೆ ಹಾಕೋಣ್ವಾ?” ಎಂದೆ ಮೆಲ್ಲಗೆ.

“ಪತ್ರಿಕೆ ಹಂಚಾಗಿದೆ. ಬೇಕಾದಾಗ ಜರುಗಿಸೋಕೆ ಮುಹೂರ್ತ ಏನು ನಿಮ್ಮ ಚಾರ್ಟಾ?” ಎಂದು ಸೆರಗು ಸಿಕ್ಕಿಸಿಕೊಂಡು ಕೆಲಸದವರ ಕಡೆ ತಿರುಗಿದಳು. “ನೋಡಿ, ಹಸು ಬರೋಕೆ ಒಂದು ಬಾಗಿಲು. ಹಾಲು ಉಕ್ಕಿಸೋಕೆ ಒಲೆ, ಅದರ ಸುತ್ತ ನೆಲ. ಅಷ್ಟು ಮೊದ್ಲು ಆಗ್ಲಿ, ಉಳಿದದ್ದು ಮನೇಲಿದ್ಕೊಂಡೇ ಮಾಡಿಸ್ಕೊಳ್ತೀವಿ.” ಆಮೇಲೆ ನನ್ನ ಕಡೆ ನೋಡಿದಳು. “ಯಾವುದರ ಹಿಂದೆ ಯಾವುದು ಅಂತ ನಿಮಗೆ ಗೊತ್ತಲ್ಲ? ಬಾಯಿಬಿಟ್ಟು ಹೇಳಿ!”

ಹೇಳಿದೆ. ಕೊರೆದ ಮೇಲೆ ಗಿಲಾವು, ಗಿಲಾವಿನ ಮೇಲೆ ಬಣ್ಣ. ಹರಿದ ಚಾರ್ಟು ತಲೆಯಲ್ಲಿ ಹಾಗೇ ಇತ್ತು. ಅಂತೂ ಮುಹೂರ್ತದ ಹಿಂದಿನ ಸಂಜೆಗೆ ಬಾಗಿಲು ನಿಂತಿತು.

ಗೃಹಪ್ರವೇಶದ ಬೆಳಿಗ್ಗೆ ಮೊದಲು ಬಂದವರು ನಮ್ಮ ಮಾವನವರು. ಹೊಸ ಬಿಳಿ ಪಂಚೆ ಉಟ್ಟು ಬಂದು ಗೇಟಿಗೆ ಒರಗಿ ನಿಂತರು. ಬಣ್ಣದವನು ಉತ್ಸಾಹದಲ್ಲಿ ಆಗ ತಾನೇ ನಾಲ್ಕನೇ ಕೋಟು ಹೊಡೆದಿದ್ದ! ಅವರು ಹಸಿರಾಗಿ ಒಳಗೆ ಬಂದ ಹಿಂದೆಯೇ ಕವಿತಾ ಬಂದಳು, ಅವಳ ಹಿಂದೆ ಕರುವಿನೊಂದಿಗೆ ಹಸು. ಪುರೋಹಿತರ ಮಂತ್ರದ ನಡುವೆ ಗೋಮಾತೆ ಗಂಭೀರವಾಗಿ ಹೊಸಿಲು ದಾಟಿ, ಹಾಲ್ ಹೊಕ್ಕು, ನನ್ನ ಗೋಡೆಯ ಮುಂದೆ ನಿಂತು ಚೀಟಿಗಳನ್ನು ಒಂದೊಂದಾಗಿ ಕಿತ್ತು ತಿನ್ನತೊಡಗಿದಳು. ‘ಮುಗಿಯಿತು’ ಎಂಬ ಕಡೆಯಲ್ಲಿದ್ದವನ್ನು ಮೊದಲು, ಬಾಕಿ ಇದ್ದವನ್ನು ಆಮೇಲೆ.

“ತಿನ್ಲಿ ಬಿಡಿ, ಅಡ್ಡ ಬರಬೇಡಿ. ಮಂಗಳಕರ!” ಎಂದರು ಪುರೋಹಿತರು.

ಹಾಲು ಮಾತ್ರ ಚೆನ್ನಾಗಿ ಉಕ್ಕಿತು. ಆ ಸಂತೋಷದಲ್ಲಿ ಗಿರಿಜಾ, ಕವಿತಾಗೆ ಪಾಯಸ ಬಡಿಸುತ್ತ ಚಪ್ಪಲಿ ಸ್ಟ್ಯಾಂಡಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು. ಸಂಸಾರ ಹೂಡಿದ ಕಾಲದಿಂದ ಒಂದು ಗುಟ್ಟೂ ಅವಳ ಹೊಟ್ಟೆಯಲ್ಲಿ ನಿಂತದ್ದಿಲ್ಲ. ಕೆಲಸ ಹೋಯಿತೆಂದು ನಾನು ಕಂಬ ಹಿಡಿದು ನಿಂತೆ.

ಕವಿತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಸಾರ್, ನಮ್ಮ ಹುಡುಗ್ರೂ ಇದನ್ನೇ ಮಾಡ್ತಿದಾರೆ. ಅಡಿಕೆ ಮಂಡಿಯವರಿಗೆ ಒಂದು ಪ್ರೋಗ್ರಾಂ ಬರೀತಿದೀವಿ. ಸ್ಕ್ರೀನಿಗೆ ಮೂರು ಸಲ ಬಣ್ಣ ಬದ್ಲಾಯಿಸಿದಾರೆ, ಅದರಲ್ಲಿ ಬಿಲ್ ಮಾತ್ರ ಪ್ರಿಂಟ್ ಆಗಲ್ಲ! ನೀವು ಆ ತಪ್ಪನ್ನ ನಿಮ್ಮ ಸ್ವಂತ ಮನೇಲೇ ಮಾಡಿ ಮುಗಿಸಿದೀರಿ. ಸೋಮವಾರ ಬನ್ನಿ.”

ಹೋದೆ. ಗುತ್ತಿಗೆ ಈಗಾಗಲೇ ಎರಡು ಸಲ ಮುಂದುವರಿದಿದೆ. ಮಂಡಿಯವರ ಪ್ರೋಗ್ರಾಂನಲ್ಲಿ ಬಿಲ್ಲೂ ಬರುತ್ತಿದೆ. ಹುಡುಗರಿಗೆ ದಿನಾ ಬೆಳಿಗ್ಗೆ ಗೋಡೆಯ ಮುಂದೆ ನಿಂತು, “ಮೊದ್ಲು ಬಾಗಿಲು, ಆಮೇಲೆ ಬಣ್ಣ!” ಎಂದು ಉಪದೇಶಿಸುತ್ತೇನೆ. ಅವರು ಕೇಳುತ್ತಾರೆ ಕೂಡ.

ಮನೆಯಲ್ಲಿ ಬಚ್ಚಲಿಗೆ ಮಾತ್ರ ಇನ್ನೂ ಗೋಣಿಚೀಲದ ಪರದೆ. ಒಳಗಿರುವವರು ಗಟ್ಟಿಯಾಗಿ ಹಾಡುತ್ತಿರಬೇಕೆಂಬುದು ನಿಯಮ. ಮೊನ್ನೆ ಬೆಳಿಗ್ಗೆ ಕವಿತಾಳ ಫೋನ್ ಬಂತು. ಗಿರಿಜಾ ಎತ್ತಿದಳು.

“ಇದಾರೆ ಮೇಡಂ, ಬಚ್ಚಲಲ್ಲಿ ಹಾಡ್ತಾ ಇದಾರೆ... ಇಲ್ಲ, ಬಾಗಿಲು ಇನ್ನೂ ಇಲ್ಲ... ಅಡ್ಡಿ ಏನು ಅಂತ ನಾನೂ ದಿನಾ ಕೇಳ್ತೀನಿ. ಆಫೀಸಲ್ಲಿ ಬಾಗಿಲಿನ ಬಗ್ಗೆ ಪಾಠ ಮಾಡೋದಿದೆ, ಪುರುಸೊತ್ತಿಲ್ಲ ಅಂತಾರೆ!”

ಬಾಗಿಲಿಲ್ಲದ್ದರಿಂದ ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ನಾನು ಇನ್ನಷ್ಟು ಜೋರಾಗಿ ಹಾಡಿದೆ.