ಮಂಡಿಯ ಸೂಜಿ, ಮಹಡಿಯ ರೇಡಿಯೋ

ಗಂಡ: ಬೆಲ್ಲಿನ ವೈರು ಕತ್ತರಿಸಿದ್ರೆ ಬಾಗಿಲಲ್ಲಿ ನಿಂತ ಬೇಡದ ನೆಂಟ ವಾಪಸ್ ಹೋಗ್ತಾನೇನೆ? ಸವೆದ ಮಂಡಿ ಸವೆದೇ ಇರುತ್ತೆ. ನರ ಸುಟ್ಟು ಅದೇನು ಕಡಿದು ಗುಡ್ಡೆ ಹಾಕ್ತಾರಂತೆ ನಿನ್ನ ಡಾಕ್ಟರು?

ಹೆಂಡತಿ: ನೆಂಟ ಹೋಗಲ್ಲ ರೀ. ಬೆಲ್ ಬಡಿಯೋದಾದ್ರೂ ನಿಲ್ಲುತ್ತಲ್ಲ! ಮೊದಲು ದಾರಿ ಬಿಡಿ.

ಗಂಡ ದಾರಿ ಬಿಡಲಿಲ್ಲ. ಮಹಡಿ ಮೆಟ್ಟಿಲಿಗೆ ಅಡ್ಡವಾಗಿ, ಬನಿಯನ್ನಿನಲ್ಲಿ, ಬೀಗ ಹಾಕಿದ ಗೇಟಿನಂತೆ ನಿಂತಿದ್ದ. ಜೀವಮಾನವೆಲ್ಲ ಮನೆಮನೆಗೆ ವೈರಿಂಗ್ ಮಾಡಿದ ಆಸಾಮಿ. ಮನುಷ್ಯರ ಮೈಯೂ ಅವನ ಪಾಲಿಗೆ ಸ್ವಿಚ್ಚು, ಫ್ಯೂಸುಗಳ ಸಂತೆ. ಹೆಂಡತಿ ಬಟ್ಟೆ ಹೊಲಿಯುತ್ತಿದ್ದವಳು. ಮಂಡಿ ಕೈಕೊಟ್ಟ ಮೇಲೆ ಹೊಲಿಗೆ ಮೆಷಿನ್ನು ಮಹಡಿಯಲ್ಲೇ ಉಳಿಯಿತು, ಅವಳು ಕೆಳಗೇ ಉಳಿದಳು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ಮಂಡಿಯ ಸುತ್ತಲಿನ ನರಗಳಿಗೆ ಮರಗಟ್ಟಿಸುವ ಸೂಜಿ ಹಾಕಿದ್ದರು. ಅದು ಬರೀ ಪರೀಕ್ಷೆಗೆ. ನೋವು ಇಳಿದರೆ ಮಾತ್ರ ಮುಂದೆ ಬಿಸಿ ಸೂಜಿಯಿಂದ ಆ ನರಗಳನ್ನು ಸುಡುವುದು, ಇಳಿಯದಿದ್ದರೆ ಅಷ್ಟಕ್ಕೇ ಕೈಬಿಡುವುದು.

ಹೆಂಡತಿ: ಯಾವ ಕೆಲಸ ಮಾಡಿದ್ರೆ ಜೀವ ಹೋಗುತ್ತೋ ಅದನ್ನೇ ಇವತ್ತು ಮಾಡಿ ನೋಡಿ ಅಂದಿದ್ದಾರೆ ನರ್ಸು. ನನಗೆ ಜೀವ ಹೋಗೋದು ಮೆಟ್ಟಿಲು ಹತ್ತೋವಾಗ.

ಗಂಡ: ಸೂಜಿ ಹಾಕಿಸ್ಕೊಂಡವರು ಮಲಗಬೇಕು ಕಣೆ. ಕುಣಿಯೋದಲ್ಲ.

ಹೆಂಡತಿ: ಮಲಗಿದ್ರೆ ಯಾರ ಮಂಡಿ ತಾನೇ ನೋಯುತ್ತೆ? ಇನ್ನೇನು ಫೋನ್ ಮಾಡಿ ಕೇಳ್ತಾರೆ, ಆಗ ಏನು ಹೇಳಲಿ? ದಿಂಬು ಚೆನ್ನಾಗಿತ್ತು ಅಂತಲೇ?

ಗಂಡ: ಆಮೇಲೂ ಆ ಸುಟ್ಟ ನರ ಮತ್ತೆ ಬೆಳೆಯುತ್ತಂತೆ. ಈ ಸಂಪತ್ತಿಗೆ ಇಷ್ಟೆಲ್ಲ ರಾಮಾಯಣ!

ಹೆಂಡತಿ: ನೀವು ಗಡ್ಡ ಬೋಳಿಸೋದನ್ನ ಬಿಟ್ಟಿದ್ದೀರಾ? ಅದೂ ಬೆಳೆಯುತ್ತೆ.

ಗಂಡ ಗದ್ದ ಸವರಿಕೊಂಡ. ಅವನ ಸಂಕಟ ನರದ್ದಲ್ಲ, ಮಹಡಿಯದು. ಪ್ರತಿ ಮಧ್ಯಾಹ್ನ 'ರೇಡಿಯೋ ರಿಪೇರಿ' ಎಂದು ಅವನು ಹತ್ತುತ್ತಿದ್ದ ಆ ಕೋಣೆಯಲ್ಲಿ, ಹಿಂಬದಿಯ ಮೆಟ್ಟಿಲಿಂದ ಬಂದ ಇಬ್ಬರು ಗೆಳೆಯರು ಈಗಲೂ ಇಸ್ಪೀಟೆಲೆ ಹಿಡಿದು ಕಾಯುತ್ತಿದ್ದರು. ಅವರ ಮುಂದಿದ್ದ ಮೇಜು ಹೆಂಡತಿಯ ಹೊಲಿಗೆ ಮೆಷಿನ್ನೇ. ಅದರ ಮೇಲೊಂದು ಹಲಗೆ, ಅಷ್ಟೆ. ಮೆಷಿನ್ನು ತುಕ್ಕು ಹಿಡಿದು ಹಾಳಾಯಿತೆಂದು ಅವಳಿಗೆ ಹೇಳಿದ್ದವನೂ ಈ ಮಹಾನುಭಾವನೇ. ಹೆಂಡತಿಯ ಮಂಡಿ ನೋವೇ ಅವನ ಆಟಕ್ಕೆ ಕಾವಲುಗಾರನಾಗಿತ್ತು.

ಅಷ್ಟರಲ್ಲಿ ಮೇಲಿನಿಂದ ಯಾರೋ ಗಟ್ಟಿಯಾಗಿ ಕೆಮ್ಮಿದರು.

ಹೆಂಡತಿ: ಏನ್ರೀ ಅದು?

ಗಂಡ: ರೇಡಿಯೋ.

ಹೆಂಡತಿ: ರೇಡಿಯೋ ಕೆಮ್ಮುತ್ತಾ?

ಗಂಡ: ನಾಟಕ ಬರ್ತಿದೆ. ಅದರಲ್ಲಿ ಒಬ್ಬ ಮುದುಕ ಇದ್ದಾನೆ.

"ಎಲೆ ಹಂಚೋಕೆ ಬಾರೋ!" ಎಂದಿತು ರೇಡಿಯೋ.

ಹೆಂಡತಿ: ಆ ನಾಟಕ ನಾನೂ ನೋಡ್ತೀನಿ. ಸರೀರಿ ಆ ಕಡೆ.

ಅವಳು ಅವನ ತೋಳಿನಡಿ ನುಸುಳಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಮುಖ ಕಿವುಚಿಕೊಂಡು ನೋವಿಗಾಗಿ ಕಾದಳು. ನೋವು ಬರಲಿಲ್ಲ. ಇನ್ನೊಂದು ಮೆಟ್ಟಿಲು. ಆಗಲೂ ಇಲ್ಲ. ಅವಳ ಕಣ್ಣು ತುಂಬಿ ಬಂತು, ಗಂಡ ಅವಳ ಸೆರಗಿಗೆ ಕೈಚಾಚಿದ.

ಆ ಹೊತ್ತಿಗೇ ಕೆಳಗೆ ಊಟದ ಮೇಜಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಹೆಂಡತಿಯನ್ನು ತಡೆಯುವುದೋ, ಫೋನನ್ನೋ? ಪರೀಕ್ಷೆಯನ್ನೇ ಫೇಲು ಮಾಡಿಸಿದರೆ ಮಹಡಿ ಉಳಿದೀತು ಎನ್ನಿಸಿ ಫೋನಿಗೆ ಹಾರಿದ.

ನರ್ಸ್: ಅಮ್ಮನವರಿಗೆ ನೋವು ಹೇಗಿದೆ ಸಾರ್?

ಗಂಡ: ಒಂದು ಚೂರೂ ಗುಣ ಇಲ್ಲ ಸಿಸ್ಟರ್. ಕೂತಲ್ಲಿಂದ ಏಳೋಕಾಗ್ತಿಲ್ಲ, ಪಾಪ. ಆ ಬಿಸಿ ಸೂಜಿ ಬೇಡವೇ ಬೇಡ, ಕೈಬಿಟ್ಟುಬಿಡಿ.

ಆಗ ಮಹಡಿಯಿಂದ ಸಿಡಿಲು ಬಡಿಯಿತು: "ರೀ! ನಿಮ್ಮ ರೇಡಿಯೋ ಎದ್ದು ನಿಂತು ನಮಸ್ಕಾರ ಹೇಳ್ತಿದೆ! ಒಂದಲ್ಲ, ಎರಡು! ಅಯ್ಯೋ, ನನ್ನ ಮೆಷಿನ್ನು! ಎಲ್ರೀ ತುಕ್ಕು? ತುಕ್ಕು ಹಿಡಿದಿರೋದು ನಿಮ್ಮ ಬುದ್ಧಿಗೆ!"

ನರ್ಸ್: ಯಾರು ಸಾರ್ ಅದು, ಕೂಗ್ತಿರೋದು?

ಗಂಡ: ರೇಡಿಯೋ ಸಿಸ್ಟರ್.

ನರ್ಸ್: ಬೆಳಿಗ್ಗೆ ಸೂಜಿ ಚುಚ್ಚೋವಾಗಲೂ ಇದೇ ರೇಡಿಯೋ ಕೂಗಿದ್ದು. ಅವರಿಗೆ ಫೋನ್ ಕೊಡಿ.

ಗಂಡ ಫೋನು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಈಗ ನೋಡಿದವರು ಮಂಡಿ ನೋವು ಇವನಿಗೇ ಎನ್ನಬೇಕು, ಹಾಗೆ. ಮೇಲೆ ಗೆಳೆಯರಿಬ್ಬರೂ ಗೋಡೆಗೆ ಅಂಟಿ ನಿಂತಿದ್ದರು. ಹೆಂಡತಿ ಹಲಗೆ ಕಿತ್ತೆಸೆದು, ಮೆಷಿನ್ನಿನ ಪೆಡಲಿನ ಮೇಲೆ ಪಾದವಿಟ್ಟು ಮೆಲ್ಲಗೆ ತುಳಿಯುತ್ತಿದ್ದಳು. ಚಕ್ರ ತಿರುಗುತ್ತಿತ್ತು. ಅಷ್ಟು ಸಂತೋಷದ ಮುಖವನ್ನು ಅವನು ಬಹಳ ಕಾಲದಿಂದ ನೋಡಿರಲಿಲ್ಲ. ನಾಚಿಕೆಯಾಯಿತು. ಇಂಥವರಿಗೂ ಅಪರೂಪಕ್ಕೊಮ್ಮೆ ಆಗುತ್ತದೆ.

ಹೆಂಡತಿ: ಸಿಸ್ಟರ್, ಮುಕ್ಕಾಲು ಪಾಲು ನೋವಿಲ್ಲ. ಬಿಸಿ ಸೂಜಿಗೆ ದಿನ ಗೊತ್ತು ಮಾಡಿ. ರಾತ್ರಿಗೆ ಈ ಮದ್ದಿನ ಜೋರು ಇಳಿಯುತ್ತೆ ಅಂದ್ರಲ್ಲ, ಅಷ್ಟರೊಳಗೆ ಮೆಷಿನ್ನನ್ನ ಕೆಳಗಿಳಿಸ್ಕೋತೀನಿ. ಮೂರು ಜನ ಗಂಡಸರಿದ್ದಾರೆ, ಒಬ್ಬರಿಗೂ ಮಂಡಿ ನೋವಿಲ್ಲ.

ಗೆಳೆಯರು ತಕ್ಷಣ ಅಂಗಿಯ ತೋಳು ಮೇಲಕ್ಕೆ ಮಡಚಿದರು. ಗಂಡ ಮಾತ್ರ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ.

ಗಂಡ: ಅಯ್ಯೋ... ನನಗೆ ಇದ್ದಕ್ಕಿದ್ದ ಹಾಗೆ ಸೊಂಟ...

ಹೆಂಡತಿ: ಸಿಸ್ಟರ್, ಇಡಬೇಡಿ, ಒಂದು ನಿಮಿಷ. ಸೊಂಟಕ್ಕೂ ಸೂಜಿ ಇದೆಯಾ? ಇದೆಯಾ! ಹಾಗಾದ್ರೆ ನಮ್ಮ ಯಜಮಾನರನ್ನೂ ಕರ್ಕೊಂಡು ಬರ್ತೀನಿ. ಇವರಿಗೆ ಮರಗಟ್ಟಿಸೋ ಮದ್ದೆಲ್ಲ ಬೇಡ, ಬರೀ ಸೂಜಿ ಸಾಕು.