ಕೆಂಪು ಸ್ವೆಟರಿನ ಜಿಪ್ಪಿಗೆ ದರ್ಜಿ ಅಜ್ಜಿಯ ದೂರು

ಮಾನ್ಯ ಜಿಪ್ ಮಹಾಶಯರೇ,

ನನ್ನ ಮೊಮ್ಮಗಳ ಎದೆಯ ಮೇಲೆ ಹಲ್ಲು ಕಿರಿದುಕೊಂಡು ವಿರಾಜಮಾನರಾಗಿರುವ ತಮಗೆ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾದು ಕಾದು ಸುಣ್ಣವಾದ ಈ ಅಜ್ಜಿಯ ಭಯಭಕ್ತಿಪೂರ್ವಕ ನಮಸ್ಕಾರಗಳು. ನಾನು ದರ್ಜಿ. ತಮ್ಮ ಕುಲಬಾಂಧವರನ್ನು ಚೀಲ, ಪ್ಯಾಂಟು, ದಿಂಬಿನ ಗವಸುಗಳಿಗೆ ಹೊಲಿದು ಹೊಲಿದೇ ನನ್ನ ಕಣ್ಣು ಮಂಜಾಗಿದೆ. ತಮ್ಮನ್ನು ಕಂಡೊಡನೆ ನನ್ನ ಬೆರಳು ಸುಮ್ಮನಿರುವುದಿಲ್ಲವಾದ್ದರಿಂದ, ಕೈಗೆ ಬೇರೆ ಕೆಲಸವಿರಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಗುಂಡುಪಿನ್ನು ಎಂದು ನಾವು ಕರೆಯುವ ಈ ಮೊಮ್ಮಗಳು, ಶಿಶುವಿಹಾರಕ್ಕೆ ಹೊರಡುವಾಗ ತಮ್ಮನ್ನು ತಾನೇ ಹಾಕಿಕೊಳ್ಳುವುದಾಗಿ ಪಟ್ಟು ಹಿಡಿದಿದ್ದಾಳೆ. ಯಾರಾದರೂ ಬೆರಳು ಮುಂದೆ ಮಾಡಿದರೆ "ನಾನೇ! ನಾನೇ!" ಎಂಬ ಗರ್ಜನೆಗೆ ಕಿಟಕಿಯ ಗಾಜು ಅದುರುತ್ತದೆ. "ಅತ್ತೆ, ನೀವು ಹಾಕ್ಬಿಟ್ರೆ ತನ್ನ ಕೈಲಿ ಆಗಲ್ಲ ಅಂತ್ಲೇ ಅಂದ್ಕೊಂಡ್ಬಿಡ್ತಾಳೆ, ಮುಟ್ಬೇಡಿ" ಎಂದು ಸೊಸೆಯ ಅಪ್ಪಣೆಯೂ ಆಗಿದೆ. ಹಾಗಾಗಿ ಮಗ ಆಫೀಸಿನ ಹೊತ್ತು ಮೀರಿದರೂ ಚಾವಣಿ ನೋಡುತ್ತಾನೆ, ಸೊಸೆ ತುಟಿ ಕಚ್ಚುತ್ತಾಳೆ, ವ್ಯಾನಿನವನು ಹಾರ್ನ್ ಬಾರಿಸಿ ಸಾಕಾಗಿ ಟೀ ಕುಡಿಯಲು ಹೋಗುತ್ತಾನೆ. ತಾವು ಮಾತ್ರ ಕೆಳತುದಿಯ ಕಡ್ಡಿಯನ್ನು ಗೂಡಿನಿಂದ ಜಾರಿಸಿ ಜಾರಿಸಿ ನಗುತ್ತೀರಿ. ಆಹಾ, ಏನು ಶಿಸ್ತು! ಇಂಥವರು ಸರ್ಕಾರಿ ಕಚೇರಿಯಲ್ಲಿದ್ದಿದ್ದರೆ ಒಂದು ಕಡತವೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಮೊನ್ನೆ ತಡೆಯಲಾರದೆ, ಅಂಚು ಸರಿಮಾಡುವ ನೆಪದಲ್ಲಿ ಆ ಕಡ್ಡಿಯನ್ನು ನಾನೇ ಗೂಡಿಗೆ ಸೇರಿಸಿಬಿಟ್ಟೆ. ಗುಂಡುಪಿನ್ನು ನೋಡಿಬಿಟ್ಟಳು. ಜಿಪ್ ಬಿಚ್ಚಿದಳು, ಸ್ವೆಟರ್ ಬಿಚ್ಚಿದಳು, ಸಾಕ್ಸ್ ಬಿಚ್ಚಿದಳು, ಹೋಗಿ ಹಾಸಿಗೆಯಲ್ಲಿ ಮಲಗಿ ಬೆಳಗನ್ನೇ ಮೊದಲಿನಿಂದ ಶುರುಮಾಡಿದಳು. ನಮ್ಮೆಲ್ಲರಿಗೂ ಮತ್ತೊಮ್ಮೆ ಹಲ್ಲುಜ್ಜುವ ಭಾಗ್ಯ ಒದಗಿತು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಒಮ್ಮೆ ತಾವಾಗಿಯೇ ಮೇಲೇರಬೇಕು, ಆದರೆ ಏರಿಸಿದ್ದು ಅವಳೇ ಆಗಿರಬೇಕು. ಅದಾಗದಿದ್ದರೆ ತಮ್ಮ ಜಾಗವನ್ನು ಗುಂಡಿಗಳಿಗೆ ಬಿಟ್ಟುಕೊಟ್ಟು... ಅಯ್ಯಯ್ಯೋ ಬೇಡ, ಗುಂಡಿ ಬೇಡ, ಗುಂಡಿ ಐದಿರುತ್ತವೆ!

ಇದೇನಿದು, ನಾನು ಬರೆಯುತ್ತಿರುವಾಗಲೇ ಸರ್ರೆಂದು ಗಲ್ಲದವರೆಗೂ ಏರಿಬಿಟ್ಟಿರಲ್ಲ! ಯಾರೂ ಮುಟ್ಟಿಲ್ಲ, ಅವಳೇ, ಪೂರ್ತಿ ಅವಳೇ. ಮಗ ಕುಣಿಯುತ್ತಿದ್ದಾನೆ. ನನಗೆ ಅಳುವೇ ಬಂದುಬಿಟ್ಟಿದೆ, ಸುಳ್ಳೇಕೆ ಹೇಳಲಿ. ಗುಂಡುಪಿನ್ನು ನನ್ನ ಕಣ್ಣೀರನ್ನೂ, ತೆರೆದೇ ಇದ್ದ ನನ್ನ ಸ್ವೆಟರನ್ನೂ ನೋಡಿ, "ಅಜ್ಜಿ, ನಿಂಗೆ ಜಿಪ್ ಹಾಕಕ್ಕೆ ಬರಲ್ವಾ? ಅಳ್ಬೇಡ, ನಾನು ಹೇಳ್ಕೊಡ್ತೀನಿ" ಎಂದು ಬರುತ್ತಿದ್ದಾಳೆ. ಬರುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ.

ತಮ್ಮ ವಿಶ್ವಾಸಿ,
ಜಿಪ್ ಹಾಕಲು ಕಲಿಯುತ್ತಿರುವ ದರ್ಜಿ

ವಿ.ಸೂ.: ಪಾಠದ ವೇಳೆ ನನ್ನ ಸ್ವೆಟರಿನಲ್ಲಿರುವ ತಮ್ಮ ಸಹೋದರರು ನನ್ನ ಗಲ್ಲದಡಿಯ ಚರ್ಮವನ್ನೂ ಕಚ್ಚಿಕೊಂಡಿದ್ದಾರೆ. ಬಿಡಿಸಲು ಬಂದ ಮಗನಿಗೆ "ನಾನೇ!" ಎಂಬ ಉತ್ತರ ಸಿಕ್ಕಿದೆ. ವ್ಯಾನು ಹೊರಟುಹೋಯಿತು. ನಾನು ಕತ್ತೆತ್ತಿಕೊಂಡು ಹೀಗೇ ನಿಂತಿರುತ್ತೇನೆ, ಅವಳೇ ಬಿಡಿಸಲಿ.